ಜನವರಿಯಲ್ಲಿ ಬ್ಯಾನ್ಫ್: ಅಪ್ಪ ಅಮ್ಮ, ಇಬ್ಬರು ಮಕ್ಕಳು, ಮೊದಲ ಸಲ ಸ್ಕೀಯಿಂಗ್. ಈ ಪ್ಲಾನ್ ಸರಿ ಇದೆಯಾ?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆನಡಾದ ಒಂಟಾರಿಯೊದಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಾರ್ಚ್ ತನಕ ಇರುತ್ತಾರೆ. ಅಪ್ಪನಿಗೆ 69, ಮಂಡಿ ನೋವಿದೆ, ಆದರೂ ನಿಧಾನವಾಗಿ ಒಂದೆರಡು ಕಿಲೋಮೀಟರ್ ನಡೆಯುತ್ತಾರೆ. ಅಮ್ಮ ಗಟ್ಟಿ. ಮಕ್ಕಳಿಗೆ 6 ಮತ್ತು 11. ನಾನು, ನಮ್ಮ ಯಜಮಾನರು ಇಬ್ಬರೂ ಇಲ್ಲಿಯವರೆಗೆ ಕಾಲಿಗೆ ಸ್ಕೀ ಕಟ್ಟಿದವರಲ್ಲ. ಹಿಮ ತುಂಬಿದ ದೊಡ್ಡ ಬೆಟ್ಟವನ್ನು ಹತ್ತಿರದಿಂದ ನೋಡಬೇಕು ಅನ್ನುವುದು ಅಪ್ಪನ ಒಂದೇ ಆಸೆ. ನಮ್ಮ ಮನೆ ಮುಂದೆ ಹಿಮ ಬೇಕಾದಷ್ಟಿದೆ, ಬೆಟ್ಟ ಇಲ್ಲ.

ಜನವರಿ 3ನೇ ವಾರ 5 ದಿನ ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯದ ಬ್ಯಾನ್ಫ್ ನ್ಯಾಷನಲ್ ಪಾರ್ಕ್‌ಗೆ ಹೋಗೋಣ ಅಂತ ಟಿಕೆಟ್ ಮಾಡಿಸಿದ್ದೇವೆ. ಅಂದುಕೊಂಡಿರುವುದು ಹೀಗೆ. ಮೊದಲನೇ ದಿನ ಕ್ಯಾಲ್ಗರಿಯಲ್ಲಿ ಇಳಿದು ಬಾಡಿಗೆ ಕಾರು ತಗೊಂಡು ಬ್ಯಾನ್ಫ್ ಸೇರಿ, ಸಂಜೆಯೇ ಗೊಂಡೋಲದಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ಸಲ್ಫರ್ ಮೌಂಟನ್ ಹತ್ತುವುದು. 2ನೇ ದಿನ ಪೂರ್ತಿ ಸನ್‌ಶೈನ್‌ನಲ್ಲಿ ಸ್ಕೀಯಿಂಗ್. 3ನೇ ದಿನ ಬೆಳಗ್ಗೆ ಲೇಕ್ ಲೂಯಿಸ್‌ನಲ್ಲಿ ಸ್ಕೀಯಿಂಗ್, ಮಧ್ಯಾಹ್ನ ಮೊರೇನ್ ಲೇಕ್. 4ನೇ ದಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹಿಡಿದು ಕೊಲಂಬಿಯಾ ಐಸ್‌ಫೀಲ್ಡ್, ಅಲ್ಲಿ ಹಿಮನದಿ ಮೇಲೆ ಹೋಗುವ ದೊಡ್ಡ ಬಸ್ಸು, ಆಮೇಲೆ ಜ್ಯಾಸ್ಪರ್ ನೋಡಿ ವಾಪಸ್. 5ನೇ ದಿನ ಜಾನ್‌ಸ್ಟನ್ ಕ್ಯಾನ್ಯನ್, ಮಿನ್ನೆವಾಂಕಾ ಸರೋವರದಲ್ಲಿ ಬೋಟ್, ರಾತ್ರಿ ಫ್ಲೈಟ್.

ಜಾಸ್ತಿ ಆಯಿತಾ? ಕಲಿಯುವವರಿಗೆ ಸನ್‌ಶೈನ್ ಒಳ್ಳೆಯದಾ, ಲೇಕ್ ಲೂಯಿಸ್ ಒಳ್ಳೆಯದಾ? ನಾವು ಸ್ಕೀ ಮಾಡುವಾಗ ಅಪ್ಪ ಅಮ್ಮ ಏನು ಮಾಡಬೇಕು? ಚಳಿಯ ಬಗ್ಗೆಯೂ ಹೇಳಿ. ಒಂಟಾರಿಯೊ ಚಳಿ ನಮಗೆ ರೂಢಿಯಾಗಿದೆ, ಅದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆಯಾ?

ಬೋ_ಕಣಿವೆ

ನಾನು ಕ್ಯಾಲ್ಗರಿಯಲ್ಲಿ 11 ವರ್ಷದಿಂದ ಇದ್ದೇನೆ. ಪ್ರತಿ ಚಳಿಗಾಲ ಏಳೆಂಟು ಸಲ ಬ್ಯಾನ್ಫ್‌ಗೆ ಹೋಗುತ್ತೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಜುಲೈ ತಿಂಗಳ ಪ್ಲಾನ್.

ಮೊರೇನ್ ಲೇಕ್ ರಸ್ತೆಯನ್ನು ಅಕ್ಟೋಬರ್ ಮಧ್ಯದಲ್ಲೇ ಮುಚ್ಚುತ್ತಾರೆ. ಮತ್ತೆ ತೆರೆಯುವುದು ಮೇ ಕೊನೆಗೋ ಜೂನ್‌ಗೋ. ಚಳಿಗಾಲದಲ್ಲಿ ಆ ರಸ್ತೆಯ ಮೊದಲ 8 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀ ದಾರಿ ಆಗುತ್ತದೆ. ಅಲ್ಲಿಂದ ಮುಂದೆ ಹಿಮಕುಸಿತದ ಜಾಗ, ಹೋಗುವ ಹಾಗಿಲ್ಲ. ಹಿಮನದಿ ಮೇಲಿನ ಬಸ್ಸು ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಮಿನ್ನೆವಾಂಕಾದ ಬೋಟೂ ಅಷ್ಟೇ, ನೀವು ಬರುವ ಹೊತ್ತಿಗೆ ಆ ಸರೋವರ ಹೆಪ್ಪುಗಟ್ಟಿರುತ್ತದೆ.

ಇನ್ನೊಂದು ವಿಷಯ ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ. ಫೋಟೋಗಳಲ್ಲಿ ಕಾಣುವ ಆ ನೀಲಿ ಹಸಿರು ನೀರು ಜನವರಿಯಲ್ಲಿ ಇರುವುದಿಲ್ಲ. ಹಿಮನದಿ ಬಂಡೆಯನ್ನು ಅರೆದು ನುಣುಪಾದ ಹಿಟ್ಟು ಮಾಡುತ್ತದೆ, ಬೇಸಿಗೆಯಲ್ಲಿ ಕರಗಿದ ನೀರಿನ ಜೊತೆ ಆ ಹಿಟ್ಟು ಬಂದು ಸರೋವರದಲ್ಲಿ ತೇಲುತ್ತದೆ, ಬಣ್ಣ ಬರುವುದು ಅದರಿಂದ. ಚಳಿಗಾಲದಲ್ಲಿ ಲೇಕ್ ಲೂಯಿಸ್ ಅಂದರೆ ಒಂದು ದೊಡ್ಡ ಬಿಳಿ ಬಯಲು. ಗೊತ್ತಿಲ್ಲದೆ ಬಂದವರು ದಡದಲ್ಲಿ ನಿಂತು ‘ಸರೋವರ ಎಲ್ಲಿ?’ ಅಂತ ಕೇಳುವುದನ್ನು ನಾನೇ ಕೇಳಿದ್ದೇನೆ. ಗೊತ್ತಿದ್ದು ಬಂದರೆ ಅದೇ ಬಯಲಿನ ನಡುವೆ ನಿಂತು ಎದುರಿಗಿರುವ ವಿಕ್ಟೋರಿಯಾ ಹಿಮನದಿಯನ್ನು ನೋಡಬಹುದು. ಬೇಸಿಗೆಯಲ್ಲಿ ನೀರಿನ ಮೇಲೆ ನಿಲ್ಲಲಾಗುತ್ತದೆಯೇ?

ಆಮೇಲೆ ಬೆಳಕು. ಆ ವಾರ ಸೂರ್ಯ ಹುಟ್ಟುವುದು ಎಂಟೂವರೆ ಆಸುಪಾಸು, ಮುಳುಗುವುದು ಐದು ದಾಟುತ್ತಿದ್ದಂತೆ. ಬೆಟ್ಟಗಳ ನಡುವೆ ಬಿಸಿಲು ಅದಕ್ಕಿಂತ ಮೊದಲೇ ಹೋಗಿಬಿಡುತ್ತದೆ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ಗೆ 232 ಕಿ.ಮೀ., ಅದು ಒಂದು ಕಡೆಗೆ ಮಾತ್ರ. ಆ ದಾರಿಯಲ್ಲಿ ಫೋನ್ ಸಿಗ್ನಲ್ ಇಲ್ಲ, ಚಳಿಗಾಲದಲ್ಲಿ ನಡುವೆ ಪೆಟ್ರೋಲ್ ಬಂಕೂ ಇಲ್ಲ. ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಒಂದೇ ದಿನ ಹೋಗಿ ಬರುವ ದಾರಿ ಅಲ್ಲ ಅದು. ಆಸೆ ಇದ್ದರೆ ವಾತಾವರಣ ತಿಳಿಯಾಗಿರುವ ದಿನ ಬೋ ಲೇಕ್ ತನಕ ಹೋಗಿ ಬನ್ನಿ. ಲೇಕ್ ಲೂಯಿಸ್‌ನಿಂದ ಸುಮಾರು 40 ಕಿ.ಮೀ. ಒಳಗೇ ಸಿಗುತ್ತದೆ. ನಿಮ್ಮ ತಂದೆಯವರಿಗೆ ಬೇಕಾದ ದೊಡ್ಡ ಬೆಟ್ಟ ಅಲ್ಲಿ ಕಾರಿನ ಕಿಟಕಿಗೇ ಬಂದು ನಿಲ್ಲುತ್ತದೆ.

ಸಲ್ಫರ್ ಮೌಂಟನ್ ಗೊಂಡೋಲವನ್ನು ಸಾಮಾನ್ಯವಾಗಿ ಜನವರಿಯಲ್ಲೇ ಕೆಲವು ದಿನ ರಿಪೇರಿ ಕೆಲಸಕ್ಕೆ ನಿಲ್ಲಿಸುತ್ತಾರೆ. ಈಗಲೇ ತಾರೀಖು ನೋಡಿಕೊಳ್ಳಿ.

ನನ್ನ ಮಾತು ಇಷ್ಟೇ. ಬೇಸಿಗೆಯ ಪಟ್ಟಿಯನ್ನು ಹರಿದು ಹಾಕಿ. ಚಳಿಗಾಲದಲ್ಲಿ ಮಾತ್ರ ಸಿಗುವುದನ್ನು ನೋಡಿ. ಹೆಪ್ಪುಗಟ್ಟಿದ ಜಲಪಾತ, ಸರೋವರದ ಮೇಲೆ ಸ್ಕೇಟಿಂಗ್, ಹಿಮ ಬೀಳುವಾಗ ಬಿಸಿನೀರಿನ ಬುಗ್ಗೆ, ಕುದುರೆ ಎಳೆಯುವ ಜಾರುಬಂಡಿ. ದಿನಕ್ಕೆ ಒಂದೇ ದೊಡ್ಡ ಕೆಲಸ ಇಟ್ಟುಕೊಳ್ಳಿ.

ಇಳಿಜಾರು

ಸ್ಕೀಯಿಂಗ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. 30 ದಾಟಿದ ಮೇಲೆ ಕಲಿತವನು ನಾನು. ಹಾಗಾಗಿ ದೊಡ್ಡವರಾದ ಮೇಲೆ ಕಲಿಯುವವರ ಕಷ್ಟ ಗೊತ್ತು.

ಪಾರ್ಕಿನೊಳಗೆ 3 ಸ್ಕೀ ಜಾಗಗಳಿವೆ. ಸನ್‌ಶೈನ್, ಲೇಕ್ ಲೂಯಿಸ್, ನಾರ್ಕ್ವೇ. ಸನ್‌ಶೈನ್‌ಗೆ ಕಾರು ನಿಲ್ಲಿಸುವ ಜಾಗದಿಂದ ಗೊಂಡೋಲದಲ್ಲಿ ಸುಮಾರು 20 ನಿಮಿಷ ಮೇಲೆ ಹೋಗಬೇಕು. 2,160 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಊರಿನ ಹಾಗೆ ಇದೆ, ಸ್ಕೀಯಿಂಗ್ ಶುರುವಾಗುವುದೇ ಅಲ್ಲಿಂದ. ಹಿಮ ಅದ್ಭುತ. ನವೆಂಬರ್‌ನಿಂದ ಮೇ ತನಕ ಸೀಸನ್ ಇರುತ್ತದೆ. ಆದರೆ ಮೇಲೆ ಮರ ಕಡಿಮೆ, ಎಲ್ಲ ಬಯಲು. ಮೋಡ ಕವಿದ ದಿನ ಆಕಾಶ ಯಾವುದು ನೆಲ ಯಾವುದು ಅಂತ ಗೊತ್ತಾಗುವುದಿಲ್ಲ. ಕಾಲ ಕೆಳಗಿನ ಉಬ್ಬು ತಗ್ಗು ಏನೂ ಕಾಣುವುದಿಲ್ಲ. ಕಲಿಯುವವರಿಗೆ ಅದು ತುಂಬಾ ಹೆದರಿಕೆ ಹುಟ್ಟಿಸುತ್ತದೆ. ಬಿಸಿಲಿರುವ ದಿನ ಮಾತ್ರ ಹೋಗಿ. ದಿನದ ಕೊನೆಗೆ ಸ್ಕೀ ಮಾಡಿಕೊಂಡು ಕೆಳಗೆ ಬರುವ ದಾರಿಯಲ್ಲಿ ತುಂಬಾ ಜನ ಇರುತ್ತಾರೆ, ನೀವು ಗೊಂಡೋಲದಲ್ಲೇ ಇಳಿದು ಬನ್ನಿ.

ಲೇಕ್ ಲೂಯಿಸ್‌ನಲ್ಲಿ ಕಲಿಯುವ ಜಾಗ ಕೆಳಗೆ, ಲಾಡ್ಜ್ ಎದುರಿಗೇ ಇದೆ. ಅಪ್ಪ ಅಮ್ಮ ಒಳಗೆ ಬೆಚ್ಚಗೆ ಕೂತು ಕಿಟಕಿಯಿಂದ ನಿಮ್ಮನ್ನು ನೋಡುತ್ತಿರಬಹುದು. ಟ್ಯೂಬ್ ಮೇಲೆ ಕೂತು ಜಾರುವ ಜಾಗವೂ ಇದೆ, ಅದಕ್ಕೆ ಕಲಿಯುವುದೇನೂ ಬೇಡ.

ಮೊದಲ ದಿನವೇ ದಿನಪೂರ್ತಿ ಲಿಫ್ಟ್ ಟಿಕೆಟ್ ತಗೋಬೇಡಿ (ಲಿಫ್ಟ್ ಅಂದರೆ ಸ್ಕೀ ಮಾಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಸಾಧನ). ದೊಡ್ಡವರಿಗೆ ಒಂದಕ್ಕೇ 150 ಡಾಲರ್ ದಾಟುತ್ತದೆ. ಕಲಿಯುವವರಿಗೆ ಅಂತಲೇ ಪ್ಯಾಕೇಜ್ ಇರುತ್ತದೆ. ಪಾಠ, ಬಾಡಿಗೆ ಸ್ಕೀ, ಕಲಿಯುವ ಜಾಗದ ಲಿಫ್ಟ್ ಎಲ್ಲ ಸೇರಿ ಬರುತ್ತದೆ. ಮಕ್ಕಳನ್ನು ಮಕ್ಕಳ ಕ್ಲಾಸಿಗೆ ಹಾಕಿ, ನೀವಿಬ್ಬರೂ ಬೇರೆ ಕ್ಲಾಸಿಗೆ ಹೋಗಿ. ‘ನಾನೇ ಹೇಳಿಕೊಡುತ್ತೇನೆ’ ಅಂತ ಗಂಡ ಹೆಂಡತಿ ಒಬ್ಬರಿಗೊಬ್ಬರು ಕಲಿಸಲು ಹೋಗಿ ಮಧ್ಯಾಹ್ನದೊಳಗೆ ಮಾತು ಬಿಟ್ಟವರನ್ನು ನೋಡಿದ್ದೇನೆ.

ಬೂಟ್ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಚಳಿ ಅಂತ ಎರಡೆರಡು ದಪ್ಪ ಕಾಲುಚೀಲ ಹಾಕಬೇಡಿ. ಒಂದೇ ಒಂದು, ತೆಳ್ಳಗಿನ ಉಣ್ಣೆಯದು, ಮಂಡಿ ತನಕ ಬರುವಂಥದ್ದು ಸಾಕು. ದಪ್ಪ ಹಾಕಿದರೆ ಬೂಟ್ ಒಳಗೆ ಕಾಲು ಒತ್ತಿಕೊಂಡು ರಕ್ತ ಓಡುವುದಿಲ್ಲ, ಇನ್ನೂ ಚಳಿಯಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟ್ ಒಳಗೆ ತುರುಕಬೇಡಿ, ಆ ಒಂದು ಮಡಿಕೆ ಸಾಕು ಮಂಡಿ ಕೆಳಗೆ ಕಾಲಿನ ಮುಂಭಾಗ ಕೆಂಪಾಗಿ ಉರಿಯಲು. ಬೂಟ್ ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿ ಮುಂದಕ್ಕೆ ಬಾಗಿದಾಗ ತುಸು ಹಿಂದೆ ಸರಿಯಬೇಕು. ಅದೇ ಸರಿಯಾದ ಸೈಜು. ಬಾಡಿಗೆ ಅಂಗಡಿಯವರು ಅವಸರದಲ್ಲಿರುತ್ತಾರೆ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಸರಿ ಅನ್ನಿಸುವ ತನಕ ಬದಲಾಯಿಸಿ ಕೊಡಿ ಅಂತ ಕೇಳಿ. ಹೆಲ್ಮೆಟ್ ಎಲ್ಲರಿಗೂ ಬೇಕು, ದೊಡ್ಡವರಿಗೂ.

ಮೊದಲ ದಿನ ಕಲಿಸುವುದು ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲ ಮಾಡಿ ನಿಲ್ಲುವುದನ್ನು. ಮಕ್ಕಳಿಗೆ ಅದನ್ನೇ ಪಿಜ್ಜಾ ಅನ್ನುತ್ತಾರೆ. ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ವಾಲಿದರೆ ಸ್ಕೀ ಮಾತು ಕೇಳುವುದಿಲ್ಲ. ಮಂಡಿ ಕೆಳಗಿನ ಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಿಕೊಂಡೇ ಇರಿ. ನನಗೆ ಈ ಒಂದು ಮಾತು ಅರ್ಥವಾಗಲು 3 ದಿನ ಹಿಡಿಯಿತು. ಅರ್ಥವಾದ ಆ ಕ್ಷಣ ಇವತ್ತಿಗೂ ನೆನಪಿದೆ.

ನಾರ್ಕ್ವೇ_ಕಡೆಯವಳು

ಇಳಿಜಾರು ಅವರು ನಾರ್ಕ್ವೇ ಹೆಸರು ಹೇಳಿ ಸುಮ್ಮನಾದರಲ್ಲ, ನನಗೆ ಅದು ಸರಿ ಕಾಣಲಿಲ್ಲ. ಮೊದಲ ಸಲ ಕಲಿಯುವ ಮನೆಮಂದಿಗೆ ನಾನು ಹೇಳುವುದು ನಾರ್ಕ್ವೇ ಮಾತ್ರ.

ಬ್ಯಾನ್ಫ್ ಊರಿನಿಂದ ಬರೀ 10 ನಿಮಿಷದ ದಾರಿ. ಚಿಕ್ಕದು, ಜನ ಕಡಿಮೆ, ಟಿಕೆಟ್ ಉಳಿದೆರಡಕ್ಕಿಂತ ಅಗ್ಗ. ಇಲ್ಲಿ 1926ರಿಂದ ಸ್ಕೀಯಿಂಗ್ ನಡೆಯುತ್ತಿದೆ. 6 ವರ್ಷದ ಮಗು 11 ಗಂಟೆಗೇ ಸಾಕಪ್ಪ ಅಂತ ಅತ್ತರೆ ಊರಿಗೆ ವಾಪಸ್ ಬಂದು ಮಲಗಿಸಬಹುದು. ಸನ್‌ಶೈನ್‌ನಲ್ಲಿ ಅದೇ ಆದರೆ ಗೊಂಡೋಲ ಇಳಿದು, ಬೂಟ್ ವಾಪಸ್ ಕೊಟ್ಟು, ಕಾರು ಹುಡುಕಿ ಹೊರಡುವಷ್ಟರಲ್ಲಿ ನಿಮಗೂ ಅಳು ಬರುತ್ತದೆ. ಟ್ಯೂಬ್ ಜಾರುವ ಜಾಗ ಇಲ್ಲೂ ಇದೆ. ಹೋಗುವ ದಾರಿಯಲ್ಲಿ ಒಂದು ತಿರುವಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಗುತ್ತದೆ, ಅಲ್ಲಿಂದ ಇಡೀ ಬ್ಯಾನ್ಫ್ ಊರು, ಅದರ ಹಿಂದೆ ರಂಡಲ್ ಬೆಟ್ಟ ಕಾಣುತ್ತದೆ. ಒಂದು ಪೈಸೆ ಖರ್ಚಿಲ್ಲ, ಹತ್ತುವುದೂ ಬೇಡ.

ಮೊದಲ ದಿನ ನಾರ್ಕ್ವೇನಲ್ಲಿ ಅರ್ಧ ದಿನ ಪಾಠ. ಕಾಲು ಕುದುರಿದರೆ ಒಂದು ದಿನ ಬಿಟ್ಟು ಲೇಕ್ ಲೂಯಿಸ್. ನಡುವೆ ಒಂದು ದಿನ ಬಿಡಲೇಬೇಕು, ತೊಡೆ ನೋವು ಹಾಗಿರುತ್ತದೆ.

ಇಳಿಜಾರು

ಒಪ್ಪಿದೆ ಮೇಡಂ. ಮೊದಲ ಅರ್ಧ ದಿನಕ್ಕೆ ನಾರ್ಕ್ವೇ ನಿಜಕ್ಕೂ ಒಳ್ಳೆಯದು, ಅದು ನನಗೆ ಹೊಳೆದಿರಲಿಲ್ಲ. ಎರಡನೇ ಸಲಕ್ಕೆ ಲೇಕ್ ಲೂಯಿಸ್ ಅಂತ ನಾನೂ ಹೇಳುತ್ತೇನೆ.

ಕಾಡುದಾರಿ

ಅಪ್ಪ ಅಮ್ಮನ ಪ್ರಶ್ನೆಗೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಹೋದ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆ. ಮಾವನಿಗೆ 72.

ಜಾನ್‌ಸ್ಟನ್ ಕ್ಯಾನ್ಯನ್ ಬಿಡಬೇಡಿ. ಕೆಳಗಿನ ಜಲಪಾತಕ್ಕೆ ಒಂದು ಕಡೆಗೆ 1 ಕಿ.ಮೀ. ಚಿಲ್ಲರೆ, ಏರು ಕಡಿಮೆ. ಬಂಡೆ ಗೋಡೆಗೆ ಅಂಟಿಸಿದ ಹಾಗೆ ಕಂಬಿ ಇರುವ ಕಾಲುದಾರಿ ಮಾಡಿದ್ದಾರೆ, ಕೆಳಗೆ ಹೊಳೆ. ಆದರೆ ಇಡೀ ದಾರಿ ಗಟ್ಟಿ ಐಸ್. ಶೂ ಕೆಳಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ಎಲ್ಲರಿಗೂ ಬೇಕೇ ಬೇಕು, ಅದನ್ನು ಕ್ಲೀಟ್ಸ್ ಅನ್ನುತ್ತಾರೆ, ಬ್ಯಾನ್ಫ್ ಊರಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಮಾವನ ಕೈಗೆ ಎರಡು ವಾಕಿಂಗ್ ಕೋಲೂ ಕೊಟ್ಟಿದ್ದೆ. ಕೋಲಿಗೂ ಕ್ಲೀಟ್ಸ್‌ಗೂ ಕೊಟ್ಟ ದುಡ್ಡು ಪೂರ್ತಿ ಸಾರ್ಥಕ. ಮೇಲಿನ ಜಲಪಾತ ಇನ್ನೂ ದೂರ ಇದೆ, ಏರೂ ಇದೆ. ಮಂಡಿ ನೋವಿದ್ದವರು ಕೆಳಗಿನದನ್ನೇ ನಿಧಾನವಾಗಿ ನೋಡಿ ಬರಲಿ.

ಕೇವ್ ಅಂಡ್ ಬೇಸಿನ್‌ಗೆ ಒಂದು ಗಂಟೆ ಕೊಡಿ. ಕೆನಡಾದ ನ್ಯಾಷನಲ್ ಪಾರ್ಕ್‌ಗಳ ಕಥೆ ಶುರುವಾಗಿದ್ದೇ ಅಲ್ಲಿ. 1883ರಲ್ಲಿ ರೈಲ್ವೆ ಕೆಲಸಗಾರರು ಮೂವರು ಅಲ್ಲಿನ ಬಿಸಿನೀರಿನ ಗವಿ ಕಂಡರು, 1885ರಲ್ಲಿ ಸರ್ಕಾರ ಆ ಜಾಗವನ್ನು ಕಾಯ್ದಿಟ್ಟಿತು, ಅದೇ ಬೆಳೆದು ಈಗ 6,641 ಚದರ ಕಿ.ಮೀ. ಪಾರ್ಕ್ ಆಗಿದೆ. ಗವಿಯ ಬೆಚ್ಚಗಿನ ನೀರಿನಲ್ಲಿ ಒಂದು ಪುಟ್ಟ ಬಸವನಹುಳು ಇದೆ. ಈ ಬೆಟ್ಟದ ಬಿಸಿನೀರಿನ ಬುಗ್ಗೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಿಮ್ಮ ಮಕ್ಕಳು ಅದನ್ನು ಹುಡುಕಿಕೊಂಡು ಅಲ್ಲೇ ಬಗ್ಗಿ ನಿಂತಿರುತ್ತಾರೆ. ಚಳಿಗಾಲದಲ್ಲಿ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ.

ಸ್ನಾನಕ್ಕೆ ಅಪ್ಪರ್ ಹಾಟ್ ಸ್ಪ್ರಿಂಗ್ಸ್. ಬಯಲಲ್ಲೇ ಇರುವ ಕೊಳ, ನೀರು 37ರಿಂದ 40 ಡಿಗ್ರಿ. ಕತ್ತಲಾದ ಮೇಲೆ ಹೋಗಿ.

ಇನ್ನು ಲೇಕ್ ಲೂಯಿಸ್‌ನಲ್ಲಿ ಕುದುರೆ ಜಾರುಬಂಡಿ ಇದೆ. ಕಂಬಳಿ ಹೊದಿಸಿ ಕೂರಿಸಿ ದಡದ ಉದ್ದಕ್ಕೂ ಕರೆದುಕೊಂಡು ಹೋಗಿ ಬರುತ್ತಾರೆ. ನಡೆಯಲಾಗದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೊದಲೇ ಬುಕ್ ಮಾಡಿ. ಜನವರಿಯಲ್ಲಿ ಐಸ್ ಕೆತ್ತನೆಯ ಉತ್ಸವವೂ ನಡೆಯುತ್ತದೆ, ನಿಮ್ಮ ತಾರೀಖಿಗೆ ಸಿಕ್ಕರೆ ಅದೃಷ್ಟ.

ಒಂದು ಮಾತು, ಊರಿಂದ ಬಂದವರ ಪ್ರವಾಸಿ ವಿಮೆ ಒಂದು ಸಲ ಓದಿ. ಅವರು ಸ್ಕೀ ಮಾಡದಿದ್ದರೂ ಐಸ್ ಮೇಲೆ ಜಾರಿ ಬಿದ್ದರೆ ಆಸ್ಪತ್ರೆ ಖರ್ಚು ಅವರದೇ.

ಚಕ್ರ_ಮತ್ತು_ಹಿಮ

ಕಾರಿನ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಎರಡು ವರ್ಷದ ಹಿಂದೆ ಕ್ಯಾಲ್ಗರಿ ಏರ್‌ಪೋರ್ಟಿನಲ್ಲಿ ಒಂದು ಕಂಪನಿಯ ಕಾರು ತಗೊಂಡೆ. ‘ಚಳಿಗಾಲಕ್ಕೆ ರೆಡಿ ಇದೆ’ ಅಂದರು. ನಾನು ಬಗ್ಗಿ ಟೈರ್ ನೋಡಲಿಲ್ಲ. ಲೇಕ್ ಲೂಯಿಸ್ ಊರಿನಿಂದ ಸರೋವರಕ್ಕೆ ಹತ್ತುವ ಏರಿನಲ್ಲಿ ಕಾರು ಮುಂದೆ ಹೋಗದೆ ಹಿಂದೆ ಜಾರಲು ಶುರುವಾಯಿತು. ಹಿಂದೆ ಒಂದು ಬಸ್ಸು ಬರುತ್ತಿತ್ತು. ಹೆಂಡತಿ ಮಗು ಕಾರಲ್ಲಿ. ಆ ಬಸ್ಸಿನ ಚಾಲಕರು ದೂರದಲ್ಲೇ ನಿಲ್ಲಿಸಿ ಇಳಿದು ಬಂದು ನಮ್ಮನ್ನು ನಿಧಾನವಾಗಿ ಪಕ್ಕಕ್ಕೆ ಇಳಿಸಿಕೊಟ್ಟರು. ಆಮೇಲೆ ನೋಡಿದರೆ ಟೈರ್ ಸವೆದು ನುಣ್ಣಗಾಗಿತ್ತು.

ಕೀ ತಗೊಳ್ಳುವ ಮೊದಲು ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಇದೆಯಾ ನೋಡಿ. ಅದೇ ನಿಜವಾದ ಚಳಿಗಾಲದ ಟೈರ್. ಐಸ್‌ಫೀಲ್ಡ್ಸ್ ಪಾರ್ಕ್‌ವೇನಲ್ಲಿ ನವೆಂಬರ್ 1ರಿಂದ ಏಪ್ರಿಲ್ 1ರ ತನಕ ಚಳಿಗಾಲಕ್ಕೆ ಒಪ್ಪುವ ಟೈರ್ ಕಡ್ಡಾಯ. ಕಾರಿನ ಮೂಗಿನಿಂದ ಒಂದು ವೈರಿನ ತುದಿ ಹೊರಗೆ ನೇತಾಡುತ್ತಿದ್ದರೆ ಗಾಬರಿಯಾಗಬೇಡಿ, ಎಂಜಿನ್ ಬೆಚ್ಚಗಿಡುವ ಹೀಟರಿನದು ಅದು. ಮೈನಸ್ 20 ದಾಟಿದ ರಾತ್ರಿ ಹೋಟೆಲಿನ ಪಾರ್ಕಿಂಗ್‌ನಲ್ಲಿ ಪ್ಲಗ್ ಇದ್ದರೆ ಸಿಕ್ಕಿಸಿ ಮಲಗಿ.

ಕಾರು ಓಡಿಸಲು ಧೈರ್ಯ ಸಾಲದಿದ್ದರೆ ಅದೂ ಪರವಾಗಿಲ್ಲ. ಕ್ಯಾಲ್ಗರಿ ಏರ್‌ಪೋರ್ಟಿನಿಂದ ಬ್ಯಾನ್ಫ್‌ಗೆ ಬಸ್ಸಿದೆ, ಎರಡು ಗಂಟೆ ಆಸುಪಾಸು. ಬ್ಯಾನ್ಫ್ ಒಳಗೆ, ಬಿಸಿನೀರಿನ ಬುಗ್ಗೆಗೆ, ಲೇಕ್ ಲೂಯಿಸ್‌ಗೆ ರೋಮ್ ಅನ್ನುವ ಊರ ಬಸ್ಸು ಓಡುತ್ತದೆ. ಸ್ಕೀ ಜಾಗಗಳಿಗೆ ಹೋಟೆಲುಗಳ ಹತ್ತಿರದಿಂದಲೇ ಬಸ್ಸು.

ಪಾರ್ಕ್ ಪಾಸ್ ಮರೆಯಬೇಡಿ. 17 ಮತ್ತು ಅದಕ್ಕಿಂತ ಚಿಕ್ಕವರಿಗೆ ಉಚಿತ. ಒಂದೇ ಕಾರಿನಲ್ಲಿ ಬರುವ ನಿಮ್ಮಂಥವರಿಗೆ ಫ್ಯಾಮಿಲಿ ಪಾಸ್ ಲಾಭ.

ಮಳೆಬಿಲ್ಲು

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಮೊರೇನ್ ಲೇಕ್, ಬಸ್ಸು, ಬೋಟ್, ಜ್ಯಾಸ್ಪರ್ ಎಲ್ಲ ತೆಗೆದು ಹಾಕಿದೆವು. ಗೊಂಡೋಲ ನೋಡಿದೆ, ನಮ್ಮ ವಾರದಲ್ಲೇ ಮುಚ್ಚಿರುತ್ತದೆ. ನಾರ್ಕ್ವೇ ದಾರಿಯ ಆ ತಿರುವನ್ನು ಬರೆದಿಟ್ಟುಕೊಂಡೆ.

ಎರಡು ಪ್ರಶ್ನೆ ಉಳಿದಿವೆ. ಚಳಿ ಎಷ್ಟು? ಸರೋವರಗಳ ಐಸ್ ಮೇಲೆ ಮಕ್ಕಳನ್ನು ಬಿಡಬಹುದಾ? ಮಗ ವರ್ಮಿಲಿಯನ್ ಲೇಕ್ಸ್ ಮೇಲೆ ಸ್ಕೇಟಿಂಗ್ ಮಾಡುವ ವಿಡಿಯೋ ನೋಡಿ ಹಠ ಹಿಡಿದಿದ್ದಾನೆ.

ಹಿಮಗಾವಲು

ಬ್ಯಾನ್ಫ್ ಪಕ್ಕದ ಕ್ಯಾನ್ಮೋರ್‌ನಲ್ಲಿದ್ದೇನೆ, ಚಳಿಗಾಲದಲ್ಲಿ ಬೆಟ್ಟದಲ್ಲೇ ಓಡಾಟ. ಈ ಎರಡಕ್ಕೂ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜನವರಿಯ ಸಾಮಾನ್ಯ ದಿನ ಹಗಲು ಮೈನಸ್ 5, ರಾತ್ರಿ ಮೈನಸ್ 15. ಇದು ಒಣ ಚಳಿ, ಬಿಸಿಲಿದ್ದರೆ ಹಾಯಾಗಿರುತ್ತದೆ. ಆದರೆ ಉತ್ತರ ಧ್ರುವದ ಗಾಳಿ ಇಳಿದು ಬಂತು ಅಂದರೆ ಲೆಕ್ಕವೇ ಬೇರೆ. 2024ರ ಜನವರಿ 2ನೇ ವಾರ ಆಲ್ಬರ್ಟಾದಲ್ಲಿ ಮೈನಸ್ 40 ಆಸುಪಾಸು ಹೋಗಿತ್ತು. 13ನೇ ತಾರೀಖು ಸಂಜೆ ಕರೆಂಟ್ ಕಡಿಮೆ ಬಳಸಿ ಅಂತ ಇಡೀ ಪ್ರಾಂತ್ಯದ ಫೋನ್‌ಗಳಿಗೆ ಎಚ್ಚರಿಕೆ ಬಂದಿತ್ತು. ಅಂಥ ವಾರ ಸಿಕ್ಕರೆ ಸ್ಕೀಯಿಂಗ್ ಬಿಟ್ಟುಬಿಡಿ. ಗಾಳಿ ಸೇರಿ ಮೈನಸ್ 28 ದಾಟಿದರೆ ಬಿಟ್ಟ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಲು ಶುರುವಾಗುತ್ತದೆ. ಲಿಫ್ಟ್ ಮೇಲೆ ಕೂತಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಿ. ಕೆನ್ನೆ ಅಥವಾ ಮೂಗಿನ ತುದಿಯಲ್ಲಿ ಮೇಣದ ಹಾಗೆ ಬಿಳಿ ಚುಕ್ಕೆ ಕಂಡರೆ ತಕ್ಷಣ ಒಳಗೆ ಹೋಗಿ, ಉಜ್ಜಬೇಡಿ, ಬೆಚ್ಚಗಿನ ಅಂಗೈ ಇಟ್ಟರೆ ಸಾಕು. ಮಕ್ಕಳು ತಾವಾಗಿ ಹೇಳುವುದಿಲ್ಲ, ಯಾಕೆಂದರೆ ಆ ಜಾಗ ಜೋಮು ಹಿಡಿದಿರುತ್ತದೆ, ನೋವೇ ಇರುವುದಿಲ್ಲ. ಮಕ್ಕಳಿಗೆ ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ಬೆರಳೆಲ್ಲ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಜೀನ್ಸ್ ಬೇಡ, ಒದ್ದೆಯಾದರೆ ಹಲಗೆಯಾಗುತ್ತದೆ. ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ, ಹೊರಗಿಟ್ಟರೆ ಬ್ಯಾಟರಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ.

ಕೆಳಗೆ ಕೊರೆಯುತ್ತಿದ್ದರೆ ಮೇಲೆ ಇನ್ನೂ ಜಾಸ್ತಿ ಅಂದುಕೊಳ್ಳಬೇಡಿ. ಗಾಳಿಯಿಲ್ಲದ ದಿನ ತಣ್ಣಗಿನ ಗಾಳಿ ಭಾರವಾಗಿ ಕಣಿವೆಯ ತಳದಲ್ಲಿ ಕೂತಿರುತ್ತದೆ. ಊರಲ್ಲಿ ಮೈನಸ್ 22 ಇದ್ದಾಗ ಮೇಲೆ ಮೈನಸ್ 12 ಇರುವುದೂ ಉಂಟು. ಬೆಳಗ್ಗೆ ಸ್ಕೀ ಜಾಗದ ಉಷ್ಣತೆ ಬೇರೆಯಾಗಿ ನೋಡಿ.

ಐಸ್ ವಿಷಯ. ಒಬ್ಬರು ನಡೆಯಲು 15 ಸೆಂ.ಮೀ., ಗುಂಪಾಗಿ ಆಡಲು 20 ಸೆಂ.ಮೀ. ದಪ್ಪ ಬೇಕು ಅನ್ನುವುದು ಈ ಪಾರ್ಕ್ ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಲೆಕ್ಕ. ವರ್ಮಿಲಿಯನ್‌ನಲ್ಲಿ ಯಾರೂ ಅಳೆದು ನಿಮಗೆ ಹೇಳುವುದಿಲ್ಲ. ನಡುವೆ ನೀರು ಹರಿಯುವ ಕಡೆ, ಬಿಸಿನೀರಿನ ಊಟೆ ಇರುವ ಕಡೆ ಐಸ್ ತೆಳ್ಳಗಿರುತ್ತದೆ. ಹೊರಗಿನಿಂದ ಬಂದವರು ಮಕ್ಕಳ ಜೊತೆ ಲೇಕ್ ಲೂಯಿಸ್‌ನ ಹೋಟೆಲ್ ಎದುರು ಹಿಮ ಗುಡಿಸಿ ಸಿದ್ಧ ಮಾಡಿದ ಜಾಗದಲ್ಲೇ ಆಡಿ. ಸ್ಕೇಟ್ಸ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಗಟ್ಟಿ ಐಸ್ ಕೂಡ ಆಗಾಗ ಗುಡುಗಿದ ಹಾಗೆ, ತಂತಿ ಮೀಟಿದ ಹಾಗೆ ಸದ್ದು ಮಾಡುತ್ತದೆ. ಚಳಿಗೆ ಅದು ಹಿಗ್ಗಿ ಕುಗ್ಗುವ ಸದ್ದು, ಒಡೆಯಿತು ಅಂತ ಓಡಬೇಕಾಗಿಲ್ಲ.

ಲೇಕ್ ಲೂಯಿಸ್ ದಡದ ದಾರಿಯಲ್ಲಿ ಸರೋವರದ ಆ ತುದಿ ತನಕ, ಸುಮಾರು 2 ಕಿ.ಮೀ. ಹೋಗಬಹುದು. ಅದರಾಚೆ ಹೋಗಬೇಡಿ. ಮುಂದಿನ ಕಣಿವೆಗೆ ಮೇಲಿನಿಂದ ಹಿಮಕುಸಿತ ಇಳಿಯುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಹೋಗುವ ಲೇಕ್ ಆಗ್ನೆಸ್ ಟೀ ಹೌಸ್ ದಾರಿಯೂ ಚಳಿಗಾಲದಲ್ಲಿ ಅಂಥದ್ದೇ. ಮುಂದೆ ಹೆಜ್ಜೆ ಗುರುತು ಇದೆ ಅಂದರೆ ದಾರಿ ಕ್ಷೇಮ ಅಂತಲ್ಲ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಬೆಟ್ಟ ಬಲ್ಲವರನ್ನೇ ಇಲ್ಲಿ ಕಳೆದುಕೊಂಡಿದ್ದೇವೆ.

ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಊರೊಳಗೇ ಓಡಾಡುತ್ತವೆ. 30 ಮೀಟರ್ ದೂರ ಇರಿ. ಕರಡಿಗಳು ಗವಿಯಲ್ಲಿ ಮಲಗಿರುತ್ತವೆ, ತೋಳಗಳು ಎದ್ದಿರುತ್ತವೆ, ಅವಕ್ಕೆ 100 ಮೀಟರ್. ಯಾವ ಪ್ರಾಣಿಗೂ ಹಕ್ಕಿಗೂ ತಿನ್ನಲು ಹಾಕಬೇಡಿ, ದಂಡ 25,000 ಡಾಲರ್ ತನಕ ಇದೆ. ಸ್ಕೀ ಲಾಡ್ಜ್ ಹೊರಗೆ ಬೂದು ಬಣ್ಣದ ಹಕ್ಕಿ ಬಂದು ನಿಮ್ಮ ಮೇಜಿನ ಮೇಲೇ ಕೂರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಡಿ.

ಹೆದ್ದಾರಿಯಲ್ಲಿ ಹೋಗುವಾಗ ರಸ್ತೆಗೆ ಅಡ್ಡವಾಗಿ ಮರ ಬೆಳೆದ ಸೇತುವೆಗಳು ಕಾಣುತ್ತವೆ. ಅವು ಪ್ರಾಣಿಗಳಿಗೆ ರಸ್ತೆ ದಾಟಲು ಕಟ್ಟಿದ್ದು. ಮೇಲೆ 6, ರಸ್ತೆಯ ಅಡಿಯಲ್ಲಿ 38 ಇವೆ. ನಿಮ್ಮ ತಂದೆಗೆ ತೋರಿಸಿ, ಊರಲ್ಲಿ ಕಾಡಿನ ರಸ್ತೆ ನೋಡಿದವರಿಗೆ ಅದರ ಬೆಲೆ ಬೇಗ ಗೊತ್ತಾಗುತ್ತದೆ.

ಮಳೆಬಿಲ್ಲು

ಹೋಗಿ ಬಂದೆವು. ಬರೆಯುತ್ತೇನೆ ಅಂತ ಅಂದುಕೊಂಡು ಎರಡು ವಾರ ಆಯಿತು, ಮಕ್ಕಳ ಶಾಲೆ, ಅಪ್ಪನ ಔಷಧಿ ಅಂತ ಹಾಗೇ ಉಳಿಯಿತು. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಟೈರ್ ಬಗ್ಗಿ ನೋಡಿದೆವು. ಮೊದಲು ಕೊಟ್ಟ ಕಾರಿಗೆ ಆ ಗುರುತು ಇರಲಿಲ್ಲ, ಕೇಳಿದ ಮೇಲೆ ಬೇರೆ ಕಾರು ಕೊಟ್ಟರು. ಚಕ್ರ_ಮತ್ತು_ಹಿಮ ಅವರೇ, ನಿಮಗೆ ದೊಡ್ಡ ನಮಸ್ಕಾರ.

ಮೊದಲ ಬೆಳಗ್ಗೆ ಊರಲ್ಲಿ ಮೈನಸ್ 24. ನಾರ್ಕ್ವೇ ಪಾಠವನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಟ್ಟರು, ಅಷ್ಟೊತ್ತಿಗೆ ಮೈನಸ್ 14ಕ್ಕೆ ಬಂದಿತ್ತು. ಚಿಕ್ಕವಳು ಒಂದು ಗಂಟೆಯಲ್ಲಿ ಪಿಜ್ಜಾ ಕಲಿತಳು. ನನಗೆ ಕಾಲನ್ನು ಬೂಟಿನ ಮುಂದಕ್ಕೆ ಒತ್ತುವುದು ಆ ದಿನ ಬರಲೇ ಇಲ್ಲ. ಲೇಕ್ ಲೂಯಿಸ್‌ನಲ್ಲಿ, ಎರಡನೇ ಪಾಠದಲ್ಲಿ, ಯಾವುದೋ ಒಂದು ತಿರುವಿನಲ್ಲಿ ತಾನಾಗಿ ಬಂತು. ಕೆಳಗೆ ಬಂದು ನಿಂತಾಗ ಕೈ ನಡುಗುತ್ತಿತ್ತು, ಚಳಿಗಲ್ಲ. ಕಿಟಕಿ ಒಳಗಿನಿಂದ ಅಮ್ಮ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಇಳಿಜಾರು ಅವರು ಹೇಳಿದ ಹಾಗೆ ತೆಳ್ಳಗಿನ ಕಾಲುಚೀಲ ಹಾಕಿದ್ದೆವು, ಯಾರ ಕಾಲೂ ಉರಿಯಲಿಲ್ಲ.

ಸನ್‌ಶೈನ್‌ಗೆ ಹೋಗಲಿಲ್ಲ. ಬೋ ಲೇಕ್ ಕೂಡ ಆಗಲಿಲ್ಲ, ಆ ದಿನ ಹಿಮ ಬಿದ್ದು ರಸ್ತೆ ಮುಚ್ಚಿದ್ದರು.

ಅಪ್ಪ ಜಾನ್‌ಸ್ಟನ್ ಕ್ಯಾನ್ಯನ್‌ನಲ್ಲಿ ಕ್ಲೀಟ್ಸ್ ಹಾಕಿ, ಎರಡು ಕೋಲು ಹಿಡಿದು ಕೆಳಗಿನ ಜಲಪಾತಕ್ಕೆ ಒಂದೂಕಾಲು ಗಂಟೆಯಲ್ಲಿ ನಡೆದರು. ಅಲ್ಲಿ ಬಂಡೆಯಲ್ಲಿ ಒಂದು ಚಿಕ್ಕ ಸುರಂಗ ಇದೆ. ಬಗ್ಗಿ ನುಗ್ಗಿದರೆ ಜಲಪಾತ ಮುಖದ ಎದುರಿಗೇ ಬರುತ್ತದೆ. ಇಡೀ ನೀರು ಹೆಪ್ಪುಗಟ್ಟಿ ಕಂಬಕಂಬವಾಗಿ ನಿಂತಿತ್ತು. ಒಂದು ಕಡೆ ಕೈ ಹಿಡಿಸುವಷ್ಟು ತೂತು, ಅದರೊಳಗೆ ಐಸಿನ ಹಿಂದೆ ನೀರು ಕಪ್ಪಗೆ ಓಡುತ್ತಿತ್ತು. ಅಪ್ಪ ಗ್ಲೌಸ್ ತೆಗೆದು ಬಂಡೆ ಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ನಿಂತಿದ್ದರು. ಹಿಂದೆ ಜನ ಕಾಯುತ್ತಿದ್ದರೂ ಯಾರೂ ಅವಸರ ಮಾಡಲಿಲ್ಲ.

ಬಿಸಿನೀರಿಗೆ ರಾತ್ರಿ ಹೋದೆವು. ಅಮ್ಮ ಮೊದಲು ಒಲ್ಲೆ ಅಂದರು, ಆಮೇಲೆ ಮೊಮ್ಮಗಳ ಕೈ ಹಿಡಿದು ಇಳಿದರು. ಹತ್ತು ನಿಮಿಷಕ್ಕೆ ಅವರ ಜಡೆಯ ತುದಿ ಕಡ್ಡಿಯ ಹಾಗೆ ಗಟ್ಟಿಯಾಗಿ ನಿಂತಿತು. ಅದನ್ನು ಬಗ್ಗಿಸಿ ಬಗ್ಗಿಸಿ ನೋಡಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಗೊಂಡೋಲ ಇಲ್ಲದಿದ್ದರೂ ನಾರ್ಕ್ವೇ ತಿರುವಿಗೆ ಮೂರು ಸಲ ಹೋದೆವು, ಮೂರನೇ ಸಲ ಅಪ್ಪನೇ ಕೇಳಿದ್ದು. ಕೊನೆಯ ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ರಂಡಲ್ ಬೆಟ್ಟದ ತುದಿಗೆ ಮಾತ್ರ ಬಿಸಿಲು ಬಿದ್ದಿತ್ತು, ಕೆಳಗೆ ಊರು ಇನ್ನೂ ನೀಲಿಯಾಗಿತ್ತು. ಅಷ್ಟರಲ್ಲಿ ಎರಡು ಎಲ್ಕ್ ಪೊದೆಯಿಂದ ಹೊರಗೆ ಬಂದು ರಸ್ತೆ ದಾಟಿದವು. ಮಗ ಪಿಸುಮಾತಿನಲ್ಲಿ 30 ಮೀಟರ್ ಇದೆಯಾ ಅಂತ ಅಳೆಯುತ್ತಿದ್ದ. ನಾವೆಲ್ಲ ಕಾರಿನೊಳಗೇ ಕೂತು, ಅವು ಮರೆಯಾಗುವ ತನಕ ಹೊರಡಲಿಲ್ಲ.